ತಾರೀಕು ಇಲ್ಲದ ಸಲಹೆ

ದೂರದೂರದ ಊರುಗಳಲ್ಲಿ, ಬೇರೆ ಬೇರೆ ದೇಶಗಳಲ್ಲಿ ಹಂಚಿಹೋಗಿರುವ ಜನ ಒಂದೇ ಕೆಲಸದಲ್ಲಿ ತೊಡಗಿರುವಾಗ ಒಬ್ಬರು ಕಲಿತದ್ದು ಇನ್ನೊಬ್ಬರಿಗೆ ತಲುಪುವುದು ಹೇಗೆ ಎಂಬ ಪ್ರಶ್ನೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಕಳೆದ ಕೆಲವು ದಶಕಗಳಲ್ಲಿ ಈ ಪ್ರಶ್ನೆಗೆ ಉತ್ತರವಾಗಿ ಬಂದ ಸಾಧನಗಳನ್ನು ಒಟ್ಟಾಗಿ ಸಾಮಾಜಿಕ ತಂತ್ರಾಂಶ ಎಂದು ಕರೆಯುವುದುಂಟು. ಅಂದರೆ, ಒಬ್ಬರು ಬರೆದು ಉಳಿದವರು ಓದುವ ಪದ್ಧತಿಯನ್ನು ಬಿಟ್ಟು, ಓದುವವರೇ ಬರೆಯಲು, ತಿದ್ದಲು, ಪ್ರಶ್ನೆ ಕೇಳಲು, ಉತ್ತರಿಸಲು ಅವಕಾಶವಿರುವ ತಂತ್ರಾಂಶ. ಬಹುರಾಷ್ಟ್ರೀಯ ಕಂಪನಿಗಳ ಆಡಳಿತವನ್ನು ಕುರಿತ ಗ್ರಂಥಗಳಲ್ಲಿ ಇದರ ಚರ್ಚೆ ಸಾಕಷ್ಟು ನಡೆದಿದೆ. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಹುಟ್ಟಿ, ಓದು ಮುಗಿಸಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಸೇರಿದ ಒಂದು ತಲೆಮಾರಿಗೆ ಈ ಸಾಧನಗಳನ್ನು ಎರಡು ಕಡೆಯಿಂದ ನೋಡುವ ಅವಕಾಶ ಸಿಕ್ಕಿತು: ಮೊದಲು ಕಚೇರಿಯ ಕೆಲಸದಲ್ಲಿ, ಆಮೇಲೆ ಅಪ್ಪ ಅಮ್ಮಂದಿರ ತೋಟದಲ್ಲಿ. ಈ ಲೇಖಕನೂ ಆ ತಲೆಮಾರಿಗೆ ಸೇರಿದವನು. ಇಲ್ಲಿನ ನೆನಪುಗಳು ಆ ಎರಡೂ ಕಡೆಗೆ ಸೇರಿದವು.

ಈ ಸೀಮೆಯ ಮೂಲ ವಿದ್ಯೆ ಉಂಡೆ ಕೊಬ್ಬರಿ ಮಾಡುವುದು. ಕರಾವಳಿಯಲ್ಲಿ, ಕೇರಳದಲ್ಲಿ ಬಹುಮಟ್ಟಿಗೆ ಕಾಯಿಯನ್ನು ಒಡೆದು, ಹೋಳುಗಳನ್ನು ಬಿಸಿಲಿಗೋ ಬೆಂಕಿಯ ಶಾಖಕ್ಕೋ ಒಡ್ಡಿ, ಗಾಣಕ್ಕೆ ಹೋಗುವ ಎಣ್ಣೆ ಕೊಬ್ಬರಿ ಮಾಡುತ್ತಾರೆ. ತಿಪಟೂರಿನ ಕಡೆಯಾದರೋ, ಸುಮಾರು 12 ತಿಂಗಳು ತುಂಬಿ ಪೂರ್ತಿ ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೇರಿಸಿ, ಎಂಟರಿಂದ ಹನ್ನೆರಡು ತಿಂಗಳು ಅಲ್ಲೇ ಬಿಟ್ಟು, ಒಳಗಿನ ನೀರು ತಾನಾಗಿ ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುವವರೆಗೆ ಕಾಯುತ್ತಾರೆ. ಕಾಯಿ ಒಣಗಿತೋ ಇಲ್ಲವೋ ಎಂಬುದನ್ನು ತಿಳಿಯಲು ಯಾವ ಯಂತ್ರವೂ ಇಲ್ಲ. ಕೈಗೆತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದಾಗ ನೀರಿನ ಸದ್ದು ನಿಂತು ಒಣ ಉಂಡೆ ಚಿಪ್ಪಿಗೆ ಬಡಿಯುವ ಸದ್ದು ಕೇಳಿದರೆ ಅದು ಗಿಟುಕಾಗಿದೆ ಎಂದು ಅರ್ಥ. ಆ ಸದ್ದಿನಲ್ಲೂ ಹಲವು ಬಗೆಗಳಿವೆ. ಇನ್ನೂ ಹಸಿಯಾಗಿರುವುದು, ಒಳಗೆ ಬಿರುಕು ಬಿಟ್ಟಿರುವುದು, ಕೊಳೆತಿರುವುದು ಎಲ್ಲವನ್ನೂ ಕಿವಿಯಿಂದಲೇ ಬೇರೆ ಮಾಡುವವರು ಪ್ರತಿ ಊರಿನಲ್ಲಿದ್ದಾರೆ, ಅವರಲ್ಲಿ ಬಹಳ ಮಂದಿ ಹೆಂಗಸರು. ನೊಣವಿನಕೆರೆ ಹೋಬಳಿಯ ತನ್ನ ಮನೆಯಲ್ಲಿ ಅಜ್ಜಿಯ ಪಕ್ಕದಲ್ಲಿ ಕುಳಿತು ಈ ಲೇಖಕ ಅನೇಕ ಬೇಸಿಗೆ ರಜೆಗಳಲ್ಲಿ ಕಾಯಿ ಅಲ್ಲಾಡಿಸಿದ್ದರೂ, ಅಜ್ಜಿ ಪಕ್ಕಕ್ಕಿಟ್ಟ ಕಾಯಿಗೂ ಗುಡ್ಡೆಗೆ ಹಾಕಿದ ಕಾಯಿಗೂ ಇರುವ ವ್ಯತ್ಯಾಸವನ್ನು ಕೊನೆಯವರೆಗೂ ಖಚಿತವಾಗಿ ಹೇಳಲಾಗಲಿಲ್ಲ, ಹೇಳಿಕೊಡಲು ಅಜ್ಜಿಗೂ ಆಗಲಿಲ್ಲ. ಹೀಗೆ ಕೈಗೆ, ಕಿವಿಗೆ ಗೊತ್ತಿದ್ದು ಮಾತಿಗೆ ಸಿಗದ ತಿಳಿವನ್ನು ಮೈಕೇಲ್ ಪೊಲಾನ್ಯಿ ಎಂಬ ಚಿಂತಕ 1966ರ ತನ್ನ ಪುಸ್ತಕದಲ್ಲಿ ವಿವರವಾಗಿ ಚರ್ಚಿಸಿದ್ದಾನೆ. ಕನ್ನಡದಲ್ಲಿ ಅದನ್ನು ಮೌನ ಜ್ಞಾನ ಎನ್ನಬಹುದು. ಅದಕ್ಕೆ ಎದುರಾದದ್ದು ಬರೆದಿಡಬಹುದಾದ ಜ್ಞಾನ. ಮುಂದೆ ಬಂದ ಜ್ಞಾನ ನಿರ್ವಹಣೆಯ ಶಾಸ್ತ್ರವೆಲ್ಲ ಮೊದಲನೆಯದನ್ನು ಎರಡನೆಯದಾಗಿ ಎಷ್ಟರಮಟ್ಟಿಗೆ ಬದಲಾಯಿಸಬಹುದು ಎಂಬ ಒಂದೇ ಪ್ರಶ್ನೆಯ ಸುತ್ತ ಸುತ್ತಿದೆ.

2000ದ ಆಸುಪಾಸಿನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಇದೇ ಪ್ರಶ್ನೆಯನ್ನು ಬೇರೆ ರೂಪದಲ್ಲಿ ಎದುರಿಸುತ್ತಿದ್ದವು. ಈ ಲೇಖಕ ಸೇರಿದ ಕಂಪನಿಯ ತಂಡಗಳು ಬೆಂಗಳೂರು, ಅಮೆರಿಕ, ಯುರೋಪುಗಳಲ್ಲಿ ಹಂಚಿಹೋಗಿದ್ದವು. ಇಲ್ಲಿ ಸಂಜೆಯಾಗುವ ಹೊತ್ತಿಗೆ ಅಮೆರಿಕದಲ್ಲಿ ಬೆಳಗಾಗುತ್ತಿದ್ದುದರಿಂದ ಅರ್ಧ ಮುಗಿದ ಕೆಲಸವನ್ನು ಪ್ರತಿದಿನ ಕೈ ಬದಲಾಯಿಸಬೇಕಾಗಿತ್ತು. ಎದುರಿಗೆ ಕುಳಿತು ಹೇಳಬಹುದಾದದ್ದನ್ನೆಲ್ಲ ಇ-ಮೇಲ್‌ನಲ್ಲಿ ಬರೆದು ಕಳಿಸುತ್ತಿದ್ದರು. ಆ ಇ-ಮೇಲ್ ಯಾರಿಗೆ ಹೋಯಿತೋ ಅವರ ಪೆಟ್ಟಿಗೆಯಲ್ಲಿ ಮಾತ್ರ ಉಳಿಯುತ್ತಿತ್ತು, ಅವರು ಕೆಲಸ ಬಿಟ್ಟರೆ ಅವರ ಜೊತೆಗೇ ಹೋಗುತ್ತಿತ್ತು. ಒಂದೇ ಕಡತದ ಹತ್ತಾರು ಪ್ರತಿಗಳು ಹತ್ತಾರು ಕಂಪ್ಯೂಟರುಗಳಲ್ಲಿ ಬಿದ್ದಿದ್ದು, ಅವುಗಳಲ್ಲಿ ಯಾವುದು ಕೊನೆಯದು ಎಂಬುದನ್ನು ಫೋನ್ ಮಾಡಿ ಕೇಳಿ ತಿಳಿಯಬೇಕಾಗಿತ್ತು.

ಆ ಸ್ಥಿತಿಯಲ್ಲಿ ವಿಕಿ ಬಂದದ್ದು ದೊಡ್ಡ ಬದಲಾವಣೆಯೇ ಸರಿ. ಯಾರು ಬೇಕಾದರೂ ತೆರೆದು ಅಲ್ಲೇ ತಿದ್ದಬಹುದಾದ ಪುಟಗಳ ಸಮೂಹವೇ ವಿಕಿ. ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಪ್ರೋಗ್ರಾಮರ್ 1995ರಲ್ಲಿ ಮೊದಲ ವಿಕಿಯನ್ನು ಸಾರ್ವಜನಿಕ ಬಳಕೆಗೆ ಇಟ್ಟಾಗ, ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿನ ಹೆಸರಿನಲ್ಲಿದ್ದ, ಹವಾಯಿ ಭಾಷೆಯಲ್ಲಿ ಬೇಗ ಎಂಬ ಅರ್ಥದ ಪದವನ್ನು ಅದಕ್ಕೆ ಇಟ್ಟರು. 2001ರ ಜನವರಿಯಲ್ಲಿ ಶುರುವಾದ ವಿಕಿಪೀಡಿಯ, 2003ರಲ್ಲಿ ಹುಟ್ಟಿದ ಅದರ ಕನ್ನಡ ಆವೃತ್ತಿ ಎರಡೂ ಇದೇ ತತ್ತ್ವದ ಮೇಲೆ ನಿಂತಿವೆ. ವಿಕಿಯಲ್ಲಿ ಎರಡು ಗುಣಗಳು ಮುಖ್ಯ. ವಿಷಯ ಒಂದೇ ಕಡೆ ಇರುತ್ತದೆ, ಜನ ಅದರ ಬಳಿಗೆ ಬರುತ್ತಾರೆ ಎಂಬುದು ಒಂದು. ಪ್ರತಿ ತಿದ್ದುಪಡಿಯೂ ಯಾರು, ಯಾವಾಗ, ಏನು ತಿದ್ದಿದರು ಎಂಬ ದಾಖಲೆಯ ಸಮೇತ ಪುಟದ ಇತಿಹಾಸದಲ್ಲಿ ಉಳಿಯುತ್ತದೆ ಎಂಬುದು ಇನ್ನೊಂದು. ಮೊದಮೊದಲು ಹಿರಿಯ ಎಂಜಿನಿಯರುಗಳು ಬರೆದ ಪುಟವನ್ನು ಮುಟ್ಟಲು ಕಿರಿಯರು ಹೆದರುತ್ತಿದ್ದರು. ಸಣ್ಣ ಊರುಗಳಿಂದ ಬಂದು, ಇಂಗ್ಲಿಷಿನಲ್ಲಿ ಮಾತಾಡಲು ಹಿಂಜರಿಯುತ್ತಿದ್ದ ಹುಡುಗ ಹುಡುಗಿಯರಿಗಂತೂ ಸಭೆಯಲ್ಲಿ ಎದ್ದು ಇದು ತಪ್ಪು ಎನ್ನುವುದು ಆಗದ ಮಾತಾಗಿತ್ತು. ಅದೇ ಜನ ಒಂದೆರಡು ವರ್ಷಗಳಲ್ಲಿ ಯಾರಿಗೂ ಮುಜುಗರವಾಗದಂತೆ ಪುಟದಲ್ಲಿ ಒಂದು ಸಾಲು ತಿದ್ದಿ, ಕೆಳಗೆ ಕಾರಣ ಬರೆದು, ಸುಮ್ಮನಾಗುವುದನ್ನು ಕಲಿತರು. ಒಂದು ದೊಡ್ಡ ಸಂಸ್ಥೆಯಲ್ಲಿ ಹುದ್ದೆಯನ್ನು ಲೆಕ್ಕಿಸದೆ ತಪ್ಪು ತಿದ್ದುವ ದಾರಿ ಅದರಿಂದ ತೆರೆಯಿತು, ಆ ಕಾಲದ ಒಳ್ಳೆಯ ನೆನಪುಗಳಲ್ಲಿ ಇದೇ ಮೊದಲನೆಯದು.

ಕೆಟ್ಟ ನೆನಪೂ ಒಂದಿದೆ. ವ್ಯವಸ್ಥೆಯೊಂದು ನಿಂತುಹೋದಾಗ ಮತ್ತೆ ನಡೆಸುವುದು ಹೇಗೆ ಎಂಬ ಸೂಚನೆಯ ಪುಟವನ್ನು ಬೆಂಗಳೂರಿನ ತಂಡ, ಈ ಲೇಖಕನ ಕೈಯಿಂದಲೇ, ಬರೆದಿಟ್ಟಿತ್ತು. ಬರೆದಾಗ ಅದರ ಪ್ರತಿ ಸಾಲೂ ಸರಿಯಾಗಿತ್ತು. ಎರಡು ವರ್ಷಗಳಲ್ಲಿ ಕೆಳಗಿನ ತಂತ್ರಾಂಶ ಬದಲಾಗಿ, ಪುಟ ಹಾಗೇ ಉಳಿಯಿತು. ಒಂದು ರಾತ್ರಿ, ಬೆಂಗಳೂರಿನವರೆಲ್ಲ ಮಲಗಿದ್ದಾಗ, ಬೇರೆ ದೇಶದ ತಂಡ ಆ ಪುಟವನ್ನು ನಂಬಿ, ಒಂದೊಂದೇ ಹಂತವನ್ನು ಶ್ರದ್ಧೆಯಿಂದ ಅನುಸರಿಸಿ, ಒಂದು ಗಂಟೆಯಲ್ಲಿ ಸರಿಹೋಗಬೇಕಾದದ್ದನ್ನು ಬೆಳಗಿನವರೆಗೂ ಸರಿಪಡಿಸಲಾಗದ ಸ್ಥಿತಿಗೆ ತಂದಿತು. ಪುಟದ ಇತಿಹಾಸದಲ್ಲಿ ತಾರೀಕು ಇತ್ತು, ಆದರೆ ಪುಟದ ನೆತ್ತಿಯ ಮೇಲೆ, ಆತುರದಲ್ಲಿದ್ದವರ ಕಣ್ಣಿಗೆ ಬೀಳುವ ಕಡೆ, ಇದು ಯಾವ ಆವೃತ್ತಿಗೆ, ಯಾವ ದಿನದವರೆಗೆ ಪರೀಕ್ಷಿಸಿದ ಸೂಚನೆ ಎಂದು ಬರೆದಿರಲಿಲ್ಲ. ಮರುದಿನ ಎರಡೂ ದೇಶಗಳ ತಂಡಗಳು ಸೇರಿ ಪ್ರತಿ ಪುಟದ ಮೊದಲ ಸಾಲಿನಲ್ಲಿ ತಾರೀಕು, ಆವೃತ್ತಿ, ಕೊನೆಯ ಬಾರಿ ಪರೀಕ್ಷಿಸಿದವರ ಹೆಸರು ಇರಲೇಬೇಕು ಎಂಬ ನಿಯಮ ಮಾಡಿಕೊಂಡವು.

ಜನ ತಮ್ಮ ತಿಳಿವನ್ನು ಬೇರೆಯವರಿಗೆ ಯಾಕೆ ಬರೆದುಕೊಡಬೇಕು ಎಂಬ ಪ್ರಶ್ನೆಯೂ ಆಗ ಎಲ್ಲ ಕಂಪನಿಗಳನ್ನು ಕಾಡುತ್ತಿತ್ತು. ಇನ್ಫೋಸಿಸ್ ತನ್ನ ಕೆ-ಶಾಪ್ ಎಂಬ ಜ್ಞಾನ ಭಂಡಾರಕ್ಕೆ ಬರೆದವರಿಗೂ ಪರಿಶೀಲಿಸಿದವರಿಗೂ ಅಂಕಗಳನ್ನು ಕೊಟ್ಟು, ಆ ಅಂಕಗಳನ್ನು ಬಹುಮಾನಗಳಿಗೆ ಬದಲಾಯಿಸಿಕೊಳ್ಳುವ ಏರ್ಪಾಟು ಮಾಡಿತ್ತು. ರಘು ಗರುಡ್ ಮತ್ತು ಅರುಣ್ ಕುಮಾರಸ್ವಾಮಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸುವಂತೆ, ಅಂಕಗಳ ಆಕರ್ಷಣೆಯಿಂದ ಬರಹಗಳ ಪ್ರವಾಹವೇ ಹರಿದು, ಪರಿಶೀಲಿಸುವವರಿಗೆ ಹೊರೆಯಾಗಿ, ಒಳ್ಳೆಯದನ್ನು ಹುಡುಕುವುದೇ ಕಷ್ಟವಾದಾಗ, ಸಂಸ್ಥೆ ಆ ಪದ್ಧತಿಯನ್ನು ತಿದ್ದಿಕೊಂಡಿತು. ಇದಕ್ಕೆ ವ್ಯತಿರಿಕ್ತವಾಗಿ, ಝೆರಾಕ್ಸ್ ಕಂಪನಿಯ ನಕಲು ಯಂತ್ರಗಳನ್ನು ರಿಪೇರಿ ಮಾಡುವ ತಂತ್ರಜ್ಞರಿಗಾಗಿ 1990ರ ದಶಕದಲ್ಲಿ ಫ್ರಾನ್ಸಿನಲ್ಲಿ ಮೊದಲು ಜಾರಿಗೆ ಬಂದ ಯುರೇಕಾ ಎಂಬ ವ್ಯವಸ್ಥೆಯಲ್ಲಿ, ಒಬ್ಬ ತಂತ್ರಜ್ಞ ಕಂಡುಕೊಂಡ ಉಪಾಯವನ್ನು ಅದೇ ಕಸುಬಿನ ಬೇರೆಯವರು ಪರೀಕ್ಷಿಸಿ ಒಪ್ಪಿದ ಮೇಲೆ, ಕಂಡುಹಿಡಿದವನ ಹೆಸರಿನ ಸಮೇತ ಎಲ್ಲರಿಗೂ ಸಿಗುವಂತೆ ಇಡುತ್ತಿದ್ದರು. ಹಣಕ್ಕಿಂತ ಹೆಸರೇ ಅವರಿಗೆ ಸಾಕಾಯಿತು. ಇದು ಆಶ್ಚರ್ಯದ ಸಂಗತಿಯೇನಲ್ಲ. ತಿಪಟೂರಿನ ಕೃಷಿ ಮಾರುಕಟ್ಟೆಯಲ್ಲಿ ಇಂಥವರ ಮನೆಯ ಕೊಬ್ಬರಿ ಎಂದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು ಎಂಬ ಮಾತಿಗೆ ಇರುವ ಬೆಲೆಯನ್ನು ಬಲ್ಲವರಿಗೆ ಯುರೇಕಾದ ಗುಟ್ಟು ತಾನಾಗಿ ಅರ್ಥವಾಗುತ್ತದೆ.

ತೋಟದ ಕಡೆಯ ಕಥೆ ಇಷ್ಟು ಅಚ್ಚುಕಟ್ಟಾಗಿ ನಡೆಯಲಿಲ್ಲ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆ ಬಹಳ ಬೇಗ ಕರ್ನಾಟಕದ ತೆಂಗಿನ ತಾಲ್ಲೂಕುಗಳಿಗೂ ಹರಡಿ, ಎಳೆಯ ಕಾಯಿಗಳ ತೊಟ್ಟಿನ ಕೆಳಗೆ ಸೇರಿ ರಸ ಹೀರಿ, ಕಾಯಿಯ ಮೈಮೇಲೆ ಕಂದು ಕಲೆ, ಬಿರುಕು ಮೂಡಿಸಿ, ಗಾತ್ರವನ್ನೇ ಕುಗ್ಗಿಸಿಬಿಟ್ಟಿತು. ಈ ನುಸಿಯನ್ನು ವಿಜ್ಞಾನಿಗಳು 1965ರಲ್ಲೇ ಮೆಕ್ಸಿಕೋದ ಗೆರೆರೋ ರಾಜ್ಯದ ತೆಂಗಿನಿಂದ ಗುರುತಿಸಿ, ಅದೇ ರಾಜ್ಯದ ನೆನಪಿನ ಹೆಸರಿಟ್ಟಿದ್ದರು. ಅಂದರೆ, ಕಿಬ್ಬನಹಳ್ಳಿಯ ರೈತನೊಬ್ಬ ತನ್ನ ತೋಟದ ಕಾಯಿ ಯಾಕೆ ಹೀಗಾಯಿತು ಎಂದು ತಲೆ ಮೇಲೆ ಕೈ ಹೊತ್ತು ಕುಳಿತಿದ್ದ ಹೊತ್ತಿಗೆ, ಅದಕ್ಕೆ ಉತ್ತರದ ಒಂದು ಭಾಗ ಮೂವತ್ತು ವರ್ಷಕ್ಕೂ ಹಿಂದಿನಿಂದ ಜಗತ್ತಿನ ಇನ್ನೊಂದು ತುದಿಯಲ್ಲಿ ಬರಹ ರೂಪದಲ್ಲಿತ್ತು. ಅದು ಇಲ್ಲಿಗೆ ಬಂದದ್ದು ಆಕಾಶವಾಣಿಯ ಕೃಷಿ ಕಾರ್ಯಕ್ರಮ, ಇಲಾಖೆಯ ಕರಪತ್ರ, ಪಂಚಾಯಿತಿ ಕಟ್ಟೆಯ ಸಭೆ, ಔಷಧಿ ಅಂಗಡಿಯ ಮಾತು, ಇವುಗಳ ಮೂಲಕ. ಬೇರಿನ ತುದಿ ಕತ್ತರಿಸಿ ಔಷಧಿ ತುಂಬಿದ ಚೀಲಕ್ಕೆ ಕಟ್ಟುವ ವಿಧಾನವನ್ನು, ಬೇವಿನ ಎಣ್ಣೆ ಬೆಳ್ಳುಳ್ಳಿ ಮಿಶ್ರಣವನ್ನು ರೈತರು ಕಲಿತರು. ಕಲಿಯುವಷ್ಟರಲ್ಲಿ ಕೆಲವು ಫಸಲುಗಳು ಹೋಗಿಯೇ ಬಿಟ್ಟಿದ್ದವು. ಆ ವರ್ಷಗಳಲ್ಲಿ ಊರಿಗೆ ಹೋದಾಗಲೆಲ್ಲ, ಒಂದು ಬೆಟ್ಟದಷ್ಟು ಪುಟಗಳನ್ನು ಮೂರು ಖಂಡಗಳ ನಡುವೆ ಹಂಚಿಕೊಳ್ಳುವ ಕಚೇರಿಯಲ್ಲಿ ಕೆಲಸ ಮಾಡುವವನಿಗೆ ತನ್ನ ತಂದೆಗೆ ಬೇಕಾದ ಒಂದು ಪುಟ ಕನ್ನಡದಲ್ಲಿ ಸಿಗದೆ ಇದ್ದದ್ದು ಮನಸ್ಸಿಗೆ ಚುಚ್ಚುವ ಸಂಗತಿಯಾಗಿತ್ತು.

ವಿಚಿತ್ರವೆಂದರೆ ತೆಂಗಿನ ಜಗತ್ತು ತಾನೇ ಒಂದು ಜಾಗತಿಕ ಸಂಸ್ಥೆಯಂತೆ ಹಂಚಿಹೋಗಿದೆ, ಅದಕ್ಕೆ ತನ್ನದೇ ದಾಖಲೆಯ ಸಂಪ್ರದಾಯವೂ ಇದೆ. ಕಾಸರಗೋಡಿನಲ್ಲಿ 1916ರಲ್ಲಿ ಶುರುವಾದ ತೆಂಗು ಸಂಶೋಧನಾ ಕೇಂದ್ರ ಮುಂದೆ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. 1969ರಲ್ಲಿ ತೆಂಗು ಬೆಳೆಯುವ ಏಷ್ಯಾ ಪೆಸಿಫಿಕ್ ದೇಶಗಳು ಸೇರಿ ಒಂದು ಸಮುದಾಯವನ್ನು ಕಟ್ಟಿಕೊಂಡು ಜಕಾರ್ತದಲ್ಲಿ ಅದರ ಕಚೇರಿ ಇಟ್ಟವು. 1992ರಲ್ಲಿ ತೆಂಗಿನ ತಳಿ ಸಂಪತ್ತಿನ ಅಂತರರಾಷ್ಟ್ರೀಯ ಜಾಲ ಹುಟ್ಟಿತು. ಅದರ ಆಶ್ರಯದ ಅಂತರರಾಷ್ಟ್ರೀಯ ತಳಿ ಭಂಡಾರಗಳಲ್ಲಿ ದಕ್ಷಿಣ ಏಷ್ಯಾದ್ದು ಇರುವುದು ನಮ್ಮದೇ ದಕ್ಷಿಣ ಕನ್ನಡದ ಕಿದುವಿನಲ್ಲಿ. ಇಂಥ ಭಂಡಾರಕ್ಕೆ ಒಂದು ತಳಿಯನ್ನು ಸೇರಿಸುವಾಗ ಎಲ್ಲಿಂದ ತಂದದ್ದು, ಯಾವಾಗ ತಂದದ್ದು, ಯಾರು ತಂದದ್ದು, ಮಣ್ಣು ಎಂಥದು ಎಂಬ ವಿವರಗಳನ್ನು ಬರೆದಿಡುವುದು ಕಡ್ಡಾಯ. ಇದನ್ನು ಅವರು ತಳಿಯ ಪಾಸ್‌ಪೋರ್ಟ್ ಮಾಹಿತಿ ಎನ್ನುತ್ತಾರೆ. ಈ ವಿವರವಿಲ್ಲದ ಗಿಡ ಎಷ್ಟೇ ಚೆನ್ನಾಗಿದ್ದರೂ ವಿಜ್ಞಾನಿಗೆ ಅದರಿಂದ ಹೆಚ್ಚಿನ ಉಪಯೋಗವಿಲ್ಲ, ಏಕೆಂದರೆ ಅದರ ಗುಣ ಬಂದದ್ದು ತಳಿಯಿಂದಲೋ ನೆಲದಿಂದಲೋ ಎಂದು ಹೇಳಲಾಗುವುದಿಲ್ಲ. ಬರ ತಡೆಯುವ, ಉಂಡೆ ಕೊಬ್ಬರಿಗೆ ಹೇಳಿ ಮಾಡಿಸಿದ ನಮ್ಮ ಸೀಮೆಯ ಎತ್ತರದ ತಳಿ ಜಗತ್ತಿನ ದಾಖಲೆಗಳಲ್ಲಿ ತಿಪಟೂರು ಟಾಲ್ ಎಂದೇ ಸೇರಿದೆ. ಅದರಿಂದ ಆಯ್ದ ತಳಿಯನ್ನು ಕಾಸರಗೋಡಿನ ಸಂಸ್ಥೆ ಕಲ್ಪತರು ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದೆ. ಊರನ್ನೇ ಹೆಸರಾಗಿ ಹೊತ್ತ ಆ ಮರದ ವಿಳಾಸ ಎಲ್ಲಿ ಹೋದರೂ ಕಳೆಯುವುದಿಲ್ಲ.

2016ರಲ್ಲಿ ಎರಡು ಹೊಸ ಸಂಗತಿಗಳು ಹೆಚ್ಚು ಕಡಿಮೆ ಒಟ್ಟಿಗೆ ಬಂದವು. ಆ ವರ್ಷ ತಮಿಳುನಾಡಿನ ಪೊಳ್ಳಾಚಿಯ ಕಡೆ ರುಗೋಸ್ ಸುರುಳಿ ಬಿಳಿನೊಣ ಭಾರತದಲ್ಲಿ ಮೊದಲ ಬಾರಿ ವರದಿಯಾಗಿ, ಮುಂದಿನ ವರ್ಷಗಳಲ್ಲಿ ಕರ್ನಾಟಕದ ತೋಟಗಳಿಗೂ ಬಂತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೋ ಮೊಬೈಲ್ ಸೇವೆ ಶುರುವಾಗಿ, ಹಳ್ಳಿ ಹಳ್ಳಿಯ ಫೋನಿಗೂ ಅಗ್ಗದ ಇಂಟರ್ನೆಟ್ ಬಂತು. ಹೊನ್ನವಳ್ಳಿ, ದಂಡಿನಶಿವರ, ಹುಳಿಯಾರು, ಶೆಟ್ಟಿಕೆರೆ ಹೀಗೆ ಹೋಬಳಿಗೊಂದರಂತೆ ತೆಂಗು ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪುಗಳು ಕಟ್ಟಿಕೊಂಡವು. ಆಗ ಒಂದು ಗುಂಪಿನಲ್ಲಿ 256 ಜನರಿಗೆ ಮಾತ್ರ ಅವಕಾಶವಿದ್ದುದರಿಂದ ತುಂಬಿದ ಗುಂಪು ಒಡೆದು ಎರಡನೆಯದು, ಮೂರನೆಯದು ಆಗುತ್ತಿತ್ತು. ಬೆಂಗಳೂರಿಗೆ, ಹೊರದೇಶಗಳಿಗೆ ಹೋದ ಮಕ್ಕಳೂ ಊರಿನ ಸುದ್ದಿಯ ಆಸೆಗೆ ಅವುಗಳಲ್ಲಿ ಸೇರಿಕೊಂಡರು. ಈ ಲೇಖಕ ಇದ್ದ ಗುಂಪಿನಲ್ಲಿ ಬಿಳಿನೊಣದ ಮೊದಲ ಚಿತ್ರ ಬಂದ ಸಂಜೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ: ಗರಿಯ ಅಡಿಯಲ್ಲಿ ಸುರುಳಿ ಸುರುಳಿಯಾಗಿ ಬೆಳ್ಳನೆಯ ಮೇಣದ ಗೆರೆ, ಕೆಳಗಿನ ಗರಿಗಳ ಮೇಲೆ ಅಂಟು ಜಿನುಗಿ, ಅದರ ಮೇಲೆ ಮಸಿ ಬಳಿದಂತೆ ಕಪ್ಪು ಬೂಷ್ಟು.

ಆ ಚಿತ್ರ ನೋಡಿ ಮೊದಲು ಉತ್ತರಿಸಿದವರು ಫ್ಲಾರಿಡಾದಲ್ಲಿ ಕೆಲಸದಲ್ಲಿದ್ದ ತುರುವೇಕೆರೆ ತಾಲ್ಲೂಕಿನ ಒಬ್ಬ ಎಂಜಿನಿಯರ್. ಮಧ್ಯ ಅಮೆರಿಕದ ಬೆಲೀಜ್‌ನಿಂದ 2004ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಕೀಟ 2009ರಲ್ಲಿ ಫ್ಲಾರಿಡಾದಲ್ಲಿ ವರದಿಯಾಗಿತ್ತು, ಅವರ ಬೀದಿಯ ತಾಳೆ ಮರಗಳ ಮೇಲೂ ಕಾಣಿಸಿಕೊಂಡಿತ್ತು. ಅಲ್ಲಿಯ ವಿಶ್ವವಿದ್ಯಾಲಯದವರು ಹೇಳಿದ್ದನ್ನು ಅವರು ತಮಗೆ ತಿಳಿದಂತೆ ಕನ್ನಡದಲ್ಲಿ ಬರೆದು ಹಾಕಿದರು. ಮಾರನೆಯ ದಿನವೇ ಗುಂಪಿನಲ್ಲಿದ್ದ ಇನ್ನೊಬ್ಬರು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಗರಿ ಹಿಡಿದುಕೊಂಡು ಹೋಗಿ ಕೇಳಿ ಬಂದು, ಆ ಮಾತನ್ನು ಖಚಿತಪಡಿಸಿದರು. ಕಾಸರಗೋಡಿನ ಸಂಸ್ಥೆಯ ಸಲಹೆಯೂ ಅದೇ ಆಗಿತ್ತು: ರಾಸಾಯನಿಕ ಕೀಟನಾಶಕ ಹೊಡೆಯಬೇಡಿ, ಏಕೆಂದರೆ ಬಿಳಿನೊಣದ ಮರಿಗಳೊಳಗೆ ಮೊಟ್ಟೆಯಿಟ್ಟು ಅವುಗಳನ್ನು ಕೊಲ್ಲುವ ಎನ್ಕಾರ್ಸಿಯಾ ಎಂಬ ಸೂಕ್ಷ್ಮ ಕಣಜ ತೋಟದಲ್ಲಿ ತಾನಾಗಿ ಬೆಳೆಯುತ್ತದೆ, ಔಷಧಿ ಹೊಡೆದರೆ ಮೊದಲು ಸಾಯುವುದು ಅದೇ, ಗರಿಯ ಅಡಿಗೆ ರಭಸದಿಂದ ನೀರು ಹೊಡೆಯಿರಿ, ಕಪ್ಪು ಬೂಷ್ಟು ಉದುರಲು ಶೇಕಡಾ 1ರ ಗಂಜಿ ದ್ರಾವಣ ಸಿಂಪಡಿಸಿ, ಕಣಜ ಇಲ್ಲದ ತೋಟಕ್ಕೆ ಕಣಜ ಹೊಕ್ಕ ಮರಿಗಳಿರುವ ಗರಿಯ ತುಂಡನ್ನು ತಂದು ಕಟ್ಟಿ. ಮೂವತ್ತು ವರ್ಷ ತೆಗೆದುಕೊಂಡ ದಾರಿ ಈ ಬಾರಿ ಎರಡು ದಿನಕ್ಕೆ ಇಳಿಯಿತು. ನುಸಿಯ ಕಾಲವನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಆದರೆ ಮೂರನೆಯ ವಾರದ ಹೊತ್ತಿಗೆ ಇನ್ನೊಂದು ಸಂದೇಶ ಬಂತು. ಎರಡು ಕೀಟನಾಶಕಗಳ ಹೆಸರು, ಪ್ರಮಾಣ, ಸಿಂಪಡಿಸುವ ವಿಧಾನ ಎಲ್ಲವನ್ನೂ ಅಧಿಕೃತವೆಂಬಂತೆ ಬರೆದು, ತೆಂಗಿನ ಗರಿ ಒಣಗುತ್ತಿದ್ದರೆ ತಕ್ಷಣ ಹೀಗೆ ಮಾಡಿ ಎಂದು ಹೇಳುವ ಆ ಸಂದೇಶದಲ್ಲಿ ತಾರೀಕೂ ಇರಲಿಲ್ಲ, ಊರೂ ಇರಲಿಲ್ಲ, ಬರೆದವರ ಹೆಸರೂ ಇರಲಿಲ್ಲ. ಬಹುಶಃ ಯಾವುದೋ ಕಾಲದಲ್ಲಿ, ಯಾವುದೋ ಜಿಲ್ಲೆಯಲ್ಲಿ, ಬೇರೆ ಕೀಟಕ್ಕೆಂದು ಯಾರೋ ತಿಳಿದವರೇ ಬರೆದದ್ದಿರಬೇಕು, ಏಕೆಂದರೆ ಅದರ ವಿವರಣೆ ಕಪ್ಪು ತಲೆ ಹುಳುವಿನ ಬಾಧೆಗೆ ಹೆಚ್ಚು ಹೊಂದುತ್ತಿತ್ತು. ಕಪ್ಪು ತಲೆ ಹುಳು ಗರಿಯ ಅಡಿಯ ಹಸಿರನ್ನು ಕೆರೆದು ತಿಂದು ಇಡೀ ಮರವನ್ನು ಸುಟ್ಟಂತೆ ಮಾಡುತ್ತದೆ. ಅದಕ್ಕೂ ತೋಟಗಾರಿಕೆ ಇಲಾಖೆ ಗೋನಿಯೋಜಸ್ ಎಂಬ ಪರೋಪಜೀವಿಯನ್ನು ಬೆಳೆಸಿ ಬಿಡುವುದನ್ನೇ ಮೊದಲ ಉಪಾಯವೆಂದು ಹೇಳುತ್ತದೆ. ಆ ಸಂದೇಶ ಮೂರು ತಾಲ್ಲೂಕುಗಳ ಗುಂಪುಗಳಲ್ಲಿ ಕೈಯಿಂದ ಕೈಗೆ ದಾಟಿತು. ಗಂಜಿ ದ್ರಾವಣದ ಮಾತನ್ನು ಒಪ್ಪದೆ, ಔಷಧಿ ಎಂದರೆ ಘಾಟು ಇರಬೇಕು ಎಂದುಕೊಂಡ ಕೆಲವರು ಸಾಲ ಮಾಡಿ ಟ್ರ್ಯಾಕ್ಟರ್ ಪಂಪು ತರಿಸಿ ಸಿಂಪಡಿಸಿದರು. ತಿದ್ದಿದ ಮಾತನ್ನು ಎಷ್ಟು ಬಾರಿ ಬರೆದರೂ ಅದು ತಪ್ಪು ಸಂದೇಶ ಹೋದ ಕಡೆಗೆಲ್ಲ ಹೋಗಲಿಲ್ಲ. ಮರುವರ್ಷ ಬೇಸಿಗೆಯಲ್ಲಿ ಅದೇ ಸಂದೇಶ, ಒಂದಕ್ಷರವೂ ಬದಲಾಗದೆ, ಹೊಸದೆಂಬಂತೆ ಮತ್ತೆ ಬಂತು.

ಕಚೇರಿಯ ಆ ರಾತ್ರಿಯ ಪುಟಕ್ಕೂ ಈ ಸಂದೇಶಕ್ಕೂ ಇರುವ ಹೋಲಿಕೆಯನ್ನು ಗುರುತಿಸಲು ಈ ಲೇಖಕನಿಗೆ ಸ್ವಲ್ಪ ಕಾಲ ಬೇಕಾಯಿತು. ಎರಡೂ ಕಡೆ ಕೆಡುಕು ಮಾಡಿದ್ದು ಸುಳ್ಳು ಮಾತಲ್ಲ. ಒಂದು ಕಾಲಕ್ಕೆ, ಒಂದು ಜಾಗಕ್ಕೆ ನಿಜವಾಗಿದ್ದ ಮಾತು ತನ್ನ ಕಾಲವನ್ನೂ ಜಾಗವನ್ನೂ ಕಳಚಿಕೊಂಡು ಬಂದದ್ದು. ವ್ಯತ್ಯಾಸವೂ ಇದೆ. ವಿಕಿ ಕೆರೆಯಂತೆ, ವಾಟ್ಸ್‌ಆ್ಯಪ್ ಕಾಲುವೆಯಂತೆ. ಕೆರೆಯ ನೀರು ಕೆಟ್ಟರೆ ಒಂದೇ ಕಡೆ ಶುದ್ಧಿ ಮಾಡಬಹುದು, ಆದರೆ ಊರವರೆಲ್ಲ ಕೆರೆಯ ಬಳಿಗೇ ಬರಬೇಕು. ಕಾಲುವೆ ಪ್ರತಿ ತೋಟದ ಬಾಗಿಲಿಗೂ ನೀರು ತರುತ್ತದೆ, ಆದರೆ ಹರಿದುಹೋದ ನೀರನ್ನು ಹಿಂದಕ್ಕೆ ಕರೆಯಲಾಗುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶವನ್ನು ಮುಂದಕ್ಕೆ ಕಳಿಸಿದಾಗ ಅದು ಸಂಬಂಧ ಕಡಿದುಕೊಂಡ ಹೊಸ ಪ್ರತಿಯಾಗುತ್ತದೆ. ಮೂಲದಲ್ಲಿ ಆದ ತಿದ್ದುಪಡಿ ಆ ಪ್ರತಿಗೆ ತಿಳಿಯುವುದಿಲ್ಲ. 2018ರ ಜುಲೈನಲ್ಲಿ, ವದಂತಿಗಳಿಂದ ಜೀವಗಳೇ ಹೋದ ಮೇಲೆ, ಕಂಪನಿಯವರು ಮುಂದಕ್ಕೆ ಕಳಿಸಿದ ಸಂದೇಶದ ಮೇಲೆ ಗುರುತು ಹಾಕಲು ಶುರು ಮಾಡಿ, ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳಿಸುವ ಮಿತಿ ತಂದರು. ಆ ಗುರುತು ಸಂದೇಶ ಬೇರೆ ಕಡೆಯಿಂದ ಬಂದದ್ದು ಎಂಬುದನ್ನು ಮಾತ್ರ ಹೇಳುತ್ತದೆ, ಎಲ್ಲಿಂದ, ಎಂದಿನದು ಎಂಬುದನ್ನು ಹೇಳುವುದಿಲ್ಲ.

ಇನ್ನೊಂದು ಕೊರತೆಯನ್ನು ಹೇಳಲೇಬೇಕು. ಗುಂಪುಗಳಲ್ಲಿ ಇದ್ದವರು ಹೆಚ್ಚಾಗಿ ಗಂಡಸರು, ಅದರಲ್ಲೂ ಫೋನಿನಲ್ಲಿ ಕನ್ನಡ ಟೈಪು ಮಾಡಬಲ್ಲವರು. ಅಟ್ಟದ ಮೇಲಿನ ಕಾಯಿಯ ಸದ್ದನ್ನು ಬಲ್ಲ ಹೆಂಗಸರ ತಿಳಿವಾಗಲೀ, ಮರ ಹತ್ತಿ ಸುಳಿಯನ್ನು ಹತ್ತಿರದಿಂದ ನೋಡುವ ಕಾಯಿ ಕೀಳುವವರ ತಿಳಿವಾಗಲೀ ಅಲ್ಲಿಗೆ ಬರಲೇ ಇಲ್ಲ, ಬಂದರೂ ಧ್ವನಿ ಸಂದೇಶವಾಗಿ ಬಂದು, ಹುಡುಕಲು ಸಿಗದೆ, ಎರಡು ದಿನದಲ್ಲಿ ನೂರಾರು ಸಂದೇಶಗಳ ಅಡಿಗೆ ಸೇರಿತು. ಮರ ಹತ್ತುವವರೇ ಬಿಳಿನೊಣವನ್ನು ಎಲ್ಲರಿಗಿಂತ ಮೊದಲು ಕಂಡಿದ್ದರು. ಅವರನ್ನು ಯಾರೂ ಕೇಳಿರಲಿಲ್ಲ.

ಜಾಲದಲ್ಲಿ ಬಂದ ಮಾತು ತೋಟಕ್ಕೆ ಇಳಿಯಲು ಕಾಲ್ನಡಿಗೆಯ ಜನ ಬೇಕು ಎಂಬುದನ್ನು ಈ ಸೀಮೆ ಬಹಳ ಹಿಂದೆಯೇ ಕಂಡಿದೆ. ಮಣಿಭಾಯಿ ದೇಸಾಯಿಯವರು 1967ರಲ್ಲಿ ಪುಣೆಯ ಹತ್ತಿರ ಉರುಳಿಕಾಂಚನದಲ್ಲಿ ಕಟ್ಟಿದ ಬೈಫ್ ಸಂಸ್ಥೆಯ ಕರ್ನಾಟಕದ ಶಾಖೆ ತಿಪಟೂರಿನಲ್ಲಿ ನೆಲೆ ಮಾಡಿಕೊಂಡು, ಲಕ್ಕಿಹಳ್ಳಿಯ ತನ್ನ ತೋಟದಲ್ಲಿ ಒಣಭೂಮಿಯ ಬೇಸಾಯವನ್ನು ಮಾಡಿ ತೋರಿಸುತ್ತ ಬಂದಿತು. ಬೈಫ್‌ನಲ್ಲಿ ದುಡಿದ ಡಾ. ಜಿ. ಎನ್. ಎಸ್. ರೆಡ್ಡಿಯವರು ಮತ್ತು ವಿಪ್ರೋ ಬಿಟ್ಟು ಬಂದ ಶಶಿಕುಮಾರ್ ಮೊದಲಾದ ಸಾಫ್ಟ್‌ವೇರ್ ಉದ್ಯೋಗಿಗಳು ಸೇರಿ 2010ರಲ್ಲಿ ತಿಪಟೂರು ತಾಲ್ಲೂಕಿನ ಕೋಡಿಹಳ್ಳಿಯಲ್ಲಿ ಅಕ್ಷಯಕಲ್ಪ ಎಂಬ ಸಾವಯವ ಹಾಲಿನ ಉದ್ದಿಮೆಯನ್ನು ಶುರು ಮಾಡಿದಾಗಲೂ, ರೈತರ ಕೊಟ್ಟಿಗೆಗೆ ಹೋಗಿ ನಿಂತು ಕಲಿಸುವ ಜನರೇ ಅದರ ಬೆನ್ನೆಲುಬಾಗಿದ್ದರು. ತಂತ್ರಾಂಶ ಈ ನಡಿಗೆಯ ಜಾಗಕ್ಕೆ ಬರಲಾರದು, ಬರಬೇಕಾದದ್ದೂ ಇಲ್ಲ. ನಡೆದು ಹೋದವರು ಕಂಡದ್ದನ್ನು ಅದು ಹಿಡಿದಿಟ್ಟುಕೊಂಡರೆ ಸಾಕು.

ಹಾಗಾಗಿ ಈ ಲೇಖಕ ಇದ್ದ ಗುಂಪಿನಲ್ಲಿ ಮೂರು ನಾಲ್ಕು ಜನ ಸೇರಿ ಒಂದು ಸಣ್ಣ ಕೆಲಸಕ್ಕೆ ಕೈ ಹಾಕಿದರು. ಗುಂಪಿನಲ್ಲಿ ಬಂದ ಒಳ್ಳೆಯ ಮಾತುಗಳನ್ನು, ಧ್ವನಿ ಸಂದೇಶಗಳನ್ನು ಕೇಳಿಸಿಕೊಂಡು ಬರೆದದ್ದನ್ನೂ ಸೇರಿಸಿ, ಎಲ್ಲರೂ ನೋಡಬಹುದಾದ, ತಿದ್ದಬಹುದಾದ ಒಂದೇ ಕಡತದಲ್ಲಿ ರೋಗಕ್ಕೊಂದು ಪುಟದಂತೆ ಇಡತೊಡಗಿದರು. ಕಾಂಡದಿಂದ ರಸ ಸೋರುವ ರೋಗ, ಬುಡದ ಅಣಬೆ ರೋಗ, ಕಪ್ಪು ತಲೆ ಹುಳು, ನುಸಿ, ಬಿಳಿನೊಣ, ಇಷ್ಟೇ ಮೊದಲಿಗೆ. ಪ್ರತಿ ಪುಟದ ನೆತ್ತಿಯ ಮೇಲೆ ತಾರೀಕು, ಕೊನೆಗೆ ಪರೀಕ್ಷಿಸಿದವರ ಊರು. ಯಾರಾದರೂ ಹಳೆಯ ಸಂದೇಶವನ್ನು ಮತ್ತೆ ಹಾಕಿದರೆ ಜಗಳವಾಡದೆ ಆ ಪುಟದ ಕೊಂಡಿಯನ್ನು ಕೆಳಗೆ ಅಂಟಿಸುವುದು. ಒಂದು ವರ್ಷದಲ್ಲಿ ಪುಟಗಳು ಹದಿನಾಲ್ಕಾದವು. ಕಾಯಿ ಕೀಳುವ ಒಬ್ಬರು ಹೇಳಿ ಬರೆಸಿದ, ಮಳೆಗಾಲದ ನಂತರ ಯಾವ ಎತ್ತರದ ಗರಿಯಲ್ಲಿ ಬಿಳಿನೊಣ ಮೊದಲು ಕಾಣುತ್ತದೆ ಎಂಬ ನಾಲ್ಕು ಸಾಲುಗಳು ಅವುಗಳಲ್ಲಿ ಅತ್ಯಂತ ಹೆಚ್ಚು ಓದಿಸಿಕೊಂಡವು, ಅವರ ಹೆಸರನ್ನು ಅವರ ಒಪ್ಪಿಗೆಯಿಂದ ಅಲ್ಲೇ ಬರೆಯಲಾಯಿತು. ಅಜ್ಜಿಯ ಕಿವಿ ಕೇಳುತ್ತಿದ್ದ ಸದ್ದನ್ನು ಮಾತ್ರ ಯಾರಿಂದಲೂ ಬರೆಯಲಾಗಲಿಲ್ಲ. ಅದಕ್ಕಾಗಿ ಇಟ್ಟ ಪುಟದಲ್ಲಿ ಇಂದಿಗೂ ಎರಡು ಧ್ವನಿಮುದ್ರಣಗಳಷ್ಟೇ ಇವೆ: ಒಂದು ಗಿಟುಕಾದ ಕಾಯಿಯದು, ಇನ್ನೊಂದು ಹಸಿ ಕಾಯಿಯದು.

ತೆಂಗಿನ ಗುಂಪುಗಳಲ್ಲಿರುವ ಎಲ್ಲರಲ್ಲಿ ಒಂದೇ ವಿನಂತಿ. ಮುಂದಿನ ಸಲ ಗರಿಯ ಚಿತ್ರವನ್ನೋ ಔಷಧಿಯ ಹೆಸರನ್ನೋ ಹಾಕುವಾಗ, ಅದರ ಕೆಳಗೆ ಆ ದಿನದ ತಾರೀಕು, ನಿಮ್ಮ ಊರು, ಮರದ ವಯಸ್ಸು, ತೋಟಕ್ಕೆ ಬೋರ್‌ವೆಲ್ ನೀರೋ ಮಳೆಯ ಆಸರೆಯೋ ಎಂಬುದು, ಆ ಸಲಹೆ ಕೊಟ್ಟವರು ಯಾರು ಎಂಬುದು, ಇಷ್ಟನ್ನು ಸೇರಿಸಿ ಬರೆಯಿರಿ. ಬೇರೆಯವರ ಸಂದೇಶದಲ್ಲಿ ಇವು ಇಲ್ಲದಿದ್ದರೆ, ಮುಂದಕ್ಕೆ ಕಳಿಸುವ ಮೊದಲು ಕೇಳಿರಿ.